ಅಧಿಕಾರಿಯಾಗುವವರು ಏನು ಓದಬೇಕು?

ಅಮೆರಿಕದ ಗಗನಯಾತ್ರಿ ಫ್ರಾಂಕ್ ರೂಬಿಯೊ 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಸೋಯುಜ್ ನೌಕೆ ಏರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಆರು ತಿಂಗಳಲ್ಲಿ ಮರಳುವ ಲೆಕ್ಕವಿತ್ತು. ನೌಕೆಯನ್ನು ತಂಪಾಗಿಡುವ ದ್ರವ ಸೋರಿಹೋಯಿತು, ಬದಲಿ ನೌಕೆ ಕಳಿಸಬೇಕಾಯಿತು. ಅವರು ಭೂಮಿಗೆ ಇಳಿಯುವಷ್ಟರಲ್ಲಿ 371 ದಿನ ಕಳೆದಿತ್ತು. ಅಲ್ಲಿಯವರೆಗೆ ಒಂದೇ ಯಾನದಲ್ಲಿ ಅಷ್ಟು ದಿನ ಬಾಹ್ಯಾಕಾಶದಲ್ಲಿದ್ದ ಅಮೆರಿಕನ್ ಬೇರೊಬ್ಬರಿರಲಿಲ್ಲ. ಗಗನಯಾತ್ರಿಯಾಗುವ ಮೊದಲು ರೂಬಿಯೊ ಸೇನೆಯಲ್ಲಿ ವೈದ್ಯರಾಗಿದ್ದರು. ಅದಕ್ಕೂ ಮೊದಲು ಬೋಸ್ನಿಯಾ, ಅಫ್ಗಾನಿಸ್ತಾನ, ಇರಾಕ್‌ಗಳಲ್ಲಿ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹಾರಿಸಿದ್ದರು. ಇಷ್ಟೆಲ್ಲ ಮಾಡಿದ ಈ ಅಧಿಕಾರಿ 1998ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪದವಿ ಪಡೆದದ್ದು ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ.

ಮಗನೋ ಮಗಳೋ ಸೈನ್ಯದ ಅಧಿಕಾರಿಯಾಗುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಮಾತೆಲ್ಲ ಎತ್ತರ, ತೂಕ, ಕಣ್ಣಿನ ದೃಷ್ಟಿ, ಓಟದ ಸುತ್ತಲೇ ತಿರುಗುತ್ತದೆ. ಅಕಾಡೆಮಿಯೊಳಗೂ ಒಂದು ಪೂರ್ಣ ಪ್ರಮಾಣದ ಕಾಲೇಜು ಇರುತ್ತದೆ, ಅಲ್ಲೂ ಸೆಮಿಸ್ಟರು, ಲ್ಯಾಬು, ಪ್ರಾಜೆಕ್ಟುಗಳಿರುತ್ತವೆ, ಅಲ್ಲೂ ‘ಯಾವ ವಿಷಯ ತಗೊಳ್ಳಲಿ?’ ಎಂಬ ಪ್ರಶ್ನೆ ಹುಡುಗರ ನಿದ್ದೆ ಕೆಡಿಸುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಯುದ್ಧ ಮಾಡುವವನಿಗೆ ಇತಿಹಾಸವೇಕೆ, ಇಂಗ್ಲಿಷ್ ಸಾಹಿತ್ಯವೇಕೆ ಎಂದು ಕೇಳುವವರಿದ್ದಾರೆ. ಎಂಜಿನಿಯರಿಂಗ್ ಓದದೆ ಇಂದಿನ ಸೈನ್ಯದಲ್ಲಿ ಬೆಳೆಯಲು ಸಾಧ್ಯವೇ ಎಂದು ಕೇಳುವವರೂ ಇದ್ದಾರೆ. ಈ ಎರಡೂ ಪ್ರಶ್ನೆಗಳನ್ನು ಇನ್ನೂರು ವರ್ಷಗಳಿಂದ ಜಗ್ಗಾಡುತ್ತ ಬಂದಿರುವ ಜಾಗ ವೆಸ್ಟ್ ಪಾಯಿಂಟ್. ಅಲ್ಲಿನ ಕಥೆ ತಿಳಿದರೆ ನಮ್ಮ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಆಯ್ಕೆಗಳೂ ಸ್ಪಷ್ಟವಾಗುತ್ತವೆ.

ಎಲ್ಲರಿಗೂ ಒಂದೇ ಪಾಠ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಹಡ್ಸನ್ ನದಿಯ ಪಶ್ಚಿಮ ದಂಡೆಯ ಎತ್ತರದಲ್ಲಿ ವೆಸ್ಟ್ ಪಾಯಿಂಟ್ ಇದೆ. ಅಕಾಡೆಮಿ ಶುರುವಾದದ್ದು 1802ರಲ್ಲಿ, ಥಾಮಸ್ ಜೆಫರ್ಸನ್ ಅಧ್ಯಕ್ಷರಾಗಿದ್ದಾಗ. ಅದಕ್ಕೊಂದು ಗಟ್ಟಿ ರೂಪ ಕೊಟ್ಟವರು 1817ರಿಂದ 1833ರವರೆಗೆ ಸೂಪರಿಂಟೆಂಡೆಂಟ್ ಆಗಿದ್ದ ಸಿಲ್ವೇನಸ್ ಥೇಯರ್. ಅವರು ಅದಕ್ಕೆ ಮೊದಲು ಫ್ರಾನ್ಸ್‌ಗೆ ಹೋಗಿ ಅಲ್ಲಿನ ಎಂಜಿನಿಯರಿಂಗ್ ಶಾಲೆಗಳನ್ನು ನೋಡಿ, ರಾಶಿ ಪುಸ್ತಕಗಳೊಂದಿಗೆ ಮರಳಿದ್ದರು. ಗಣಿತದ, ಕೋಟೆ ಕಟ್ಟುವ ವಿದ್ಯೆಯ ಒಳ್ಳೆಯ ಪುಸ್ತಕಗಳೆಲ್ಲ ಆಗ ಫ್ರೆಂಚ್‌ನಲ್ಲಿದ್ದವು. ಹಾಗಾಗಿ ಕೆಡೆಟ್‌ಗಳು ಫ್ರೆಂಚ್ ಕಲಿಯಲೇಬೇಕಿತ್ತು.

ಆ ಕಾಲದಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಎಲ್ಲರಿಗೂ ಒಂದೇ ಪಠ್ಯಕ್ರಮ: ಗಣಿತ, ಎಂಜಿನಿಯರಿಂಗ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಚಿತ್ರಬರಹ. ದೇಶದಲ್ಲಿ ಬೇರೆ ಎಂಜಿನಿಯರಿಂಗ್ ಕಾಲೇಜುಗಳು ಇನ್ನೂ ತಲೆ ಎತ್ತಿರಲಿಲ್ಲ. ಹೊಸ ರಾಷ್ಟ್ರಕ್ಕೆ ರೈಲು ಹಳಿ, ಸೇತುವೆ, ಬಂದರು, ಕಾಲುವೆಗಳು ಬೇಕಿದ್ದವು. ಅವನ್ನು ಅಳೆದು ಕಟ್ಟಿದವರಲ್ಲಿ ವೆಸ್ಟ್ ಪಾಯಿಂಟ್ ಪದವೀಧರರ ಪಾಲು ದೊಡ್ಡದು. ಸೇನೆಯ ಶಾಲೆಯೇ ದೇಶದ ಎಂಜಿನಿಯರಿಂಗ್ ಶಾಲೆಯೂ ಆಗಿತ್ತು.

ಕಲಿಸುವ ರೀತಿಯೂ ವಿಶೇಷವಾಗಿತ್ತು. ನೆಪೋಲಿಯನ್ನನ ಸೇನೆಯಲ್ಲಿದ್ದ ಕ್ಲಾಡ್ ಕ್ರೋಜೆ ಎಂಬ ಫ್ರೆಂಚ್ ಎಂಜಿನಿಯರ್ ಇಲ್ಲಿ ರೇಖಾಗಣಿತ ಕಲಿಸಲು ಕಪ್ಪುಹಲಗೆ ಬಳಸಿದರು. ಅಮೆರಿಕದಲ್ಲಿ ಅದು ಆಗಿನ್ನೂ ಹೊಸ ಸಾಧನ. ಥೇಯರ್ ಅದನ್ನೇ ಪದ್ಧತಿಯಾಗಿ ಬೆಳೆಸಿದರು: ಪಾಠವನ್ನು ಕೆಡೆಟ್ ಹಿಂದಿನ ರಾತ್ರಿಯೇ ತಾನಾಗಿ ಓದಿಕೊಂಡು ಬರಬೇಕು, ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಒಪ್ಪಿಸಬೇಕು, ಪ್ರತಿದಿನವೂ ಅಂಕ. ಇಂದಿಗೂ ವೆಸ್ಟ್ ಪಾಯಿಂಟಿನ ಗಣಿತ ತರಗತಿಗೆ ಹೋದರೆ ಸುತ್ತಲಿನ ಗೋಡೆಗಳ ತುಂಬ ಬೋರ್ಡುಗಳು ಕಾಣುತ್ತವೆ. ಅಧ್ಯಾಪಕರು ಬರುತ್ತಿದ್ದಂತೆ ಎಲ್ಲರೂ ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ, ಒಬ್ಬ ಕೆಡೆಟ್ ಹಾಜರಿಯ ವರದಿ ಒಪ್ಪಿಸುತ್ತಾನೆ. ‘ಟೇಕ್ ಬೋರ್ಡ್ಸ್’ ಎಂಬ ಆದೇಶ ಬಂದ ಕೂಡಲೇ ಒಬ್ಬೊಬ್ಬರು ಒಂದೊಂದು ಬೋರ್ಡಿನ ಮುಂದೆ ನಿಂತು ಲೆಕ್ಕ ಬಿಡಿಸಲು ತೊಡಗುತ್ತಾರೆ. ಬಿಡಿಸಿದರೆ ಸಾಲದು, ಹಂತ ಹಂತವಾಗಿ ವಿವರಿಸಬೇಕು. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕೋಣೆಯಲ್ಲಿ ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲು ಜಾಗವಿರುವುದಿಲ್ಲ.

ಈ ಒಂದೇ ಅಚ್ಚಿನ ಪಠ್ಯಕ್ರಮ ಕೆಲವರನ್ನು ಎತ್ತಿ ಹಿಡಿಯಿತು, ಕೆಲವರನ್ನು ಹೊರಗೆ ತಳ್ಳಿತು. ಮುಂದೆ ಜಗತ್ಪ್ರಸಿದ್ಧ ಚಿತ್ರಕಾರನಾದ ಜೇಮ್ಸ್ ವಿಸ್ಲರ್ ಇಲ್ಲಿ ಚಿತ್ರಬರಹದಲ್ಲಿ ತರಗತಿಗೇ ಮೊದಲಿಗ. ಆದರೆ ರಸಾಯನಶಾಸ್ತ್ರದಲ್ಲಿ ಫೇಲಾದ. 1854ರಲ್ಲಿ ಅಕಾಡೆಮಿ ಬಿಡಬೇಕಾಯಿತು. ಅಮೆರಿಕದ ಅಂತರ್ಯುದ್ಧ ಗೆದ್ದ ಸೇನಾಪತಿ, ನಂತರ ಅಧ್ಯಕ್ಷನೂ ಆದ ಯುಲಿಸಿಸ್ ಗ್ರಾಂಟ್‌ಗೆ ಗಣಿತ ಸುಲಭವಾಗಿತ್ತು. ಗಣಿತದ ಅಧ್ಯಾಪಕನಾಗಬೇಕೆಂಬ ಆಸೆಯೂ ಇತ್ತು. ಉಳಿದ ವಿಷಯಗಳಲ್ಲಿ ಅಷ್ಟಕ್ಕಷ್ಟೇ. 1843ರಲ್ಲಿ 39 ಜನರ ತಂಡದಲ್ಲಿ 21ನೇ ಸ್ಥಾನ ಬಂತು. ಅಕಾಡೆಮಿಯ ಅತ್ಯುತ್ತಮ ಕುದುರೆ ಸವಾರರಲ್ಲೊಬ್ಬನಾಗಿದ್ದರೂ, ಕೇಳಿದ ಅಶ್ವದಳ ಸಿಗದೆ ಕಾಲಾಳು ಪಡೆಗೆ ಹೋದ. ಅಂತರ್ಯುದ್ಧದಲ್ಲಿ ಗ್ರಾಂಟ್‌ನ ಎದುರಾಳಿಯಾದ, 1829ರಲ್ಲಿ ಎರಡನೇ ಸ್ಥಾನ ಗಳಿಸಿದ್ದ ರಾಬರ್ಟ್ ಲೀಗೆ ಮಾತ್ರ ಪ್ರತಿಷ್ಠೆಯ ಎಂಜಿನಿಯರ್ ದಳ ಸಿಕ್ಕಿತ್ತು. ಯಾವ ವಿಷಯ ಓದಿದೆ ಎನ್ನುವುದಕ್ಕಿಂತ ಎಷ್ಟನೇ ಸ್ಥಾನ ಬಂದೆ ಎನ್ನುವುದೇ ಆಗ ಬದುಕನ್ನು ನಿರ್ಧರಿಸುತ್ತಿತ್ತು.

ಬಾಗಿಲು ತೆರೆದದ್ದು ಹೇಗೆ

ಈ ವ್ಯವಸ್ಥೆ ನೂರು ವರ್ಷಕ್ಕೂ ಮೀರಿ ಹೆಚ್ಚು ಬದಲಾಗದೆ ನಡೆಯಿತು. ಕೆಡೆಟ್‌ಗಳಿಗೆ ಬ್ಯಾಚಲರ್ ಆಫ್ ಸೈನ್ಸ್ ಪದವಿ ಕೊಡಲು ಅಮೆರಿಕದ ಸಂಸತ್ತು ಅನುಮತಿಸಿದ್ದೇ 1933ರಲ್ಲಿ. ಎರಡನೇ ಮಹಾಯುದ್ಧ ಯೋಚನೆಯನ್ನು ಬದಲಿಸಿತು. ಗೆದ್ದುಕೊಂಡ ದೇಶಗಳಲ್ಲಿ ಆಡಳಿತ ನಡೆಸುವ, ಮಿತ್ರ ರಾಷ್ಟ್ರಗಳೊಂದಿಗೆ ಮಾತುಕತೆಗೆ ಕೂರುವ, ಆರ್ಥಿಕತೆಯನ್ನು ಅರ್ಥ ಮಾಡಿಕೊಳ್ಳುವ ಅಧಿಕಾರಿಗಳು ಬೇಕು ಎಂಬುದು ಅನುಭವದಿಂದ ತಿಳಿಯಿತು. ಯುದ್ಧಕಾಲದಲ್ಲಿ ಭೂಸೇನೆಯ ಮುಖ್ಯಸ್ಥ ಜನರಲ್ ಜಾರ್ಜ್ ಮಾರ್ಷಲ್ ಅವರ ಬಳಗದಲ್ಲಿ ಯೋಜನೆ ರೂಪಿಸುತ್ತಿದ್ದ ಬ್ರಿಗೇಡಿಯರ್ ಜನರಲ್ ಜಾರ್ಜ್ ಲಿಂಕನ್, 1947ರಲ್ಲಿ ತಮ್ಮ ದರ್ಜೆಯನ್ನು ಕರ್ನಲ್‌ಗೆ ಇಳಿಸಿಕೊಂಡು ವೆಸ್ಟ್ ಪಾಯಿಂಟಿಗೆ ಸಮಾಜವಿಜ್ಞಾನ ಕಲಿಸಲು ಬಂದರು. ಜನರಲ್ ಒಬ್ಬರು ನಕ್ಷತ್ರ ಬಿಟ್ಟುಕೊಟ್ಟು ಪಾಠ ಹೇಳಲು ಬರುತ್ತಾರೆಂದರೆ ಆ ವಿಷಯಗಳಿಗೆ ಸಿಕ್ಕ ತೂಕ ಎಷ್ಟೆಂದು ಊಹಿಸಬಹುದು.

1960ರ ಹೊತ್ತಿಗೆ ಒಂದೆರಡು ಐಚ್ಛಿಕ ವಿಷಯಗಳು ಬಂದವು. ಆದರೂ ಹೊರೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. 1976ರಲ್ಲಿ ದೊಡ್ಡ ಪೆಟ್ಟು ಬಿತ್ತು. ಮೂರನೇ ವರ್ಷದ ಎಲ್ಲರಿಗೂ ಕಡ್ಡಾಯವಾಗಿದ್ದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಷಯದಲ್ಲಿ, ಕೋಣೆಗೆ ಒಯ್ದು ಒಬ್ಬೊಬ್ಬರೇ ಮಾಡಿ ತರಬೇಕಿದ್ದ ಪರೀಕ್ಷೆಯಲ್ಲಿ ಸಾಮೂಹಿಕ ನಕಲು ನಡೆದದ್ದು ಬಯಲಾಯಿತು. 150ಕ್ಕೂ ಹೆಚ್ಚು ಕೆಡೆಟ್‌ಗಳು ಅಕಾಡೆಮಿ ಬಿಡಬೇಕಾಯಿತು. ಅವರಲ್ಲಿ ಅನೇಕರಿಗೆ ಮುಂದೆ ಮರಳುವ ಅವಕಾಶ ಸಿಕ್ಕಿತು. ವಿಚಾರಣಾ ಸಮಿತಿಗೆ ಅಧ್ಯಕ್ಷರಾಗಿದ್ದವರು ಅಪೊಲೊ-8ರಲ್ಲಿ ಚಂದ್ರನ ಸುತ್ತ ಹೋಗಿಬಂದಿದ್ದ, ಸ್ವತಃ ವೆಸ್ಟ್ ಪಾಯಿಂಟ್ ಪದವೀಧರರಾದ ಫ್ರಾಂಕ್ ಬೋರ್ಮನ್. ಅದರ ಬೆನ್ನಿಗೆ ಇಡೀ ಪಠ್ಯಕ್ರಮ ಮರುಪರಿಶೀಲನೆಗೆ ಬಂತು. ಅದೇ 1976ರಲ್ಲಿ ಮೊದಲ ಬಾರಿಗೆ ಮಹಿಳೆಯರೂ ಅಕಾಡೆಮಿಗೆ ಸೇರಿದರು. 1980ರಲ್ಲಿ 62 ಮಹಿಳೆಯರು ಪದವಿ ಪಡೆದು ಹೊರಬಂದರು. ಕೆಡೆಟ್ ತನಗೆ ಬೇಕಾದ ವಿಷಯವನ್ನು ಆಳವಾಗಿ ಓದಿ ಅದರಲ್ಲೇ ಪದವಿ ಪಡೆಯುವ ವ್ಯವಸ್ಥೆ 1980ರ ದಶಕದ ಮೊದಲ ಭಾಗದಲ್ಲಿ ಜಾರಿಗೆ ಬಂತು.

ಎರಡನೇ ವರ್ಷದ ನಿರ್ಧಾರ

ಇಂದು ವೆಸ್ಟ್ ಪಾಯಿಂಟಿನಲ್ಲಿ ಮುಖ್ಯ ವಿಷಯವಾಗಿ ಓದಲು ಮೂವತ್ತಕ್ಕೂ ಹೆಚ್ಚು ಆಯ್ಕೆಗಳಿವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ನ್ಯೂಕ್ಲಿಯರ್ ಎಂಜಿನಿಯರಿಂಗ್‌ಗಳಿವೆ. ಕಂಪ್ಯೂಟರ್ ವಿಜ್ಞಾನ, ಭೌತಶಾಸ್ತ್ರ, ಗಣಿತ ಇವೆ. ಜೊತೆಗೆ ಅರ್ಥಶಾಸ್ತ್ರ, ಭೂಗೋಳ, ಇತಿಹಾಸ, ತತ್ವಶಾಸ್ತ್ರ, ಇಂಗ್ಲಿಷ್, ಕಾನೂನು, ಅರೇಬಿಕ್, ಚೀನೀ, ರಷ್ಯನ್ ಮುಂತಾದ ಭಾಷೆಗಳೂ ಇವೆ.

ಹಾಗೆಂದು ಇತಿಹಾಸ ತೆಗೆದುಕೊಂಡವರು ಕ್ಯಾಲ್ಕುಲಸ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಯಾವ ವಿಷಯ ಆರಿಸಿಕೊಂಡರೂ ಎಲ್ಲರೂ ಓದಲೇಬೇಕಾದ ಕಡ್ಡಾಯ ಪಾಠಗಳ ದೊಡ್ಡ ಗುಚ್ಛವೊಂದಿದೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ, ಮನಶ್ಶಾಸ್ತ್ರ, ತತ್ವಶಾಸ್ತ್ರ, ಕಾನೂನು, ಅಂತರರಾಷ್ಟ್ರೀಯ ಸಂಬಂಧ, ವಿದೇಶಿ ಭಾಷೆ, ಇಂಗ್ಲಿಷ್ ಬರವಣಿಗೆ ಎಲ್ಲವೂ ಅದರಲ್ಲಿ ಬರುತ್ತವೆ. ಎಂಜಿನಿಯರಿಂಗ್ ಆರಿಸಿಕೊಳ್ಳದವರು ಕೂಡ ಮೂರು ಎಂಜಿನಿಯರಿಂಗ್ ಕೋರ್ಸುಗಳನ್ನು ಸಾಲಾಗಿ ಮುಗಿಸಬೇಕು. ಕೊನೆಗೆ ಇಂಗ್ಲಿಷ್ ಸಾಹಿತ್ಯ ಓದಿದವರಿಗೂ ಸಿಗುವುದು ಬ್ಯಾಚಲರ್ ಆಫ್ ಸೈನ್ಸ್ ಪದವಿಯೇ.

ಮೊದಲ ವರ್ಷದ ಕೆಡೆಟ್‌ಗೆ ಅಲ್ಲಿ ಪ್ಲೀಬ್ ಎಂದು ಹೆಸರು. ಆ ವರ್ಷ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಪಾಠ. ಎರಡನೇ ವರ್ಷ ಯರ್ಲಿಂಗ್ ಆದಾಗ ಮುಖ್ಯ ವಿಷಯ ಘೋಷಿಸಬೇಕು. ಈ ಸಮಯಕ್ಕೆ ಇನ್ನೊಂದು ಮಹತ್ವವೂ ಇದೆ. ಮೂರನೇ ವರ್ಷದ ಪಾಠ ಶುರುವಾಗುವ ಮುನ್ನ ಕೆಡೆಟ್‌ಗಳು ಸೇವೆಯ ಬದ್ಧತೆಯನ್ನು ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತಾರೆ. ಅಲ್ಲಿಯವರೆಗೆ ಬಿಟ್ಟು ಹೋದರೆ ಸೇವೆಯ ಋಣವಿಲ್ಲ, ಆಮೇಲೆ ಇದೆ. ಓದಿಗೆ ಶುಲ್ಕವಿಲ್ಲ, ಮೇಲಾಗಿ ಸಂಬಳವೂ ಇದೆ. ಅದಕ್ಕೆ ಬದಲಾಗಿ ಪದವಿಯ ನಂತರ ಕನಿಷ್ಠ ಐದು ವರ್ಷ ಸಕ್ರಿಯ ಸೇವೆ, ಆಮೇಲೆ ಮೂರು ವರ್ಷ ಮೀಸಲು ಸೇವೆ. ಏನು ಓದಬೇಕು ಎಂಬ ನಿರ್ಧಾರವೂ ಇಲ್ಲಿ ಉಳಿಯಬೇಕೇ ಎಂಬ ನಿರ್ಧಾರವೂ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಒಟ್ಟೊಟ್ಟಿಗೆ ಎದುರಾಗುತ್ತವೆ.

ಬೇರೆ ಕಾಲೇಜಿನ ವಿದ್ಯಾರ್ಥಿಗಿಲ್ಲದ ಒಂದು ಒತ್ತಡ ಇಲ್ಲಿದೆ. ಬೆಳಗಿನ ಫಾರ್ಮೇಷನ್, ಇಡೀ ದಿನದ ತರಗತಿ, ಮಧ್ಯಾಹ್ನದ ನಂತರ ಕಡ್ಡಾಯ ಕ್ರೀಡೆ ಅಥವಾ ಡ್ರಿಲ್, ಕೆಳಗಿನ ವರ್ಷದವರನ್ನು ನೋಡಿಕೊಳ್ಳುವ ಹೊಣೆ, ಇವೆಲ್ಲ ಮುಗಿದ ಮೇಲೆ ಓದಿಗೆ ಉಳಿಯುವುದು ರಾತ್ರಿಯ ಕೆಲವು ಗಂಟೆ. ಬೇಸಿಗೆ ರಜೆಯ ದೊಡ್ಡ ಭಾಗವೂ ಸೈನಿಕ ತರಬೇತಿಗೆ ಹೋಗುತ್ತದೆ. ಮನಸ್ಸಿಲ್ಲದ ವಿಷಯವನ್ನು ಆ ಕೆಲವೇ ಗಂಟೆಗಳಲ್ಲಿ ಮೂರು ವರ್ಷ ಎಳೆಯುವುದು ಎಂಥ ಚುರುಕಿನ ಹುಡುಗನಿಗೂ ಕಷ್ಟ. ಕಡ್ಡಾಯ ವಿಷಯಗಳಲ್ಲಿ ಯಾವುದು ಒಗ್ಗಿತು, ಯಾವುದರ ಮನೆಗೆಲಸಕ್ಕೆ ಮೊದಲು ಕೈ ಹೋಗುತ್ತಿತ್ತು ಎಂಬುದನ್ನು ಮೊದಲ ವರ್ಷದಲ್ಲೇ ಗಮನಿಸಿಕೊಂಡವರಿಗೆ ನಿರ್ಧಾರ ಹಗುರ.

ಲಕೋಟೆಯೊಳಗಿನ ಲಾಂಛನ

ಓದಿದ ವಿಷಯಕ್ಕೂ ಸಿಗುವ ದಳಕ್ಕೂ ಏನು ಸಂಬಂಧ? ಪೋಷಕರು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಬಹಳ ಜನರಿಗೆ ಅಚ್ಚರಿ ತರುತ್ತದೆ: ಸಂಬಂಧ ತೆಳುವು.

ಕೊನೆಯ ವರ್ಷದ ಚಳಿಗಾಲಕ್ಕೆ ಮುನ್ನ ಒಂದು ಸಂಜೆ ಆ ವರ್ಷದ ಕೆಡೆಟ್‌ಗಳೆಲ್ಲ ಒಂದೇ ಸಭಾಂಗಣದಲ್ಲಿ ಸೇರುತ್ತಾರೆ. ಪ್ರತಿಯೊಬ್ಬರ ಕೈಗೂ ಮುಚ್ಚಿದ ಲಕೋಟೆ ಬರುತ್ತದೆ. ಆದೇಶ ಸಿಕ್ಕ ಕೂಡಲೇ ಸುಮಾರು ಸಾವಿರ ಲಕೋಟೆಗಳು ಒಟ್ಟಿಗೆ ತೆರೆಯುತ್ತವೆ. ಒಳಗೆ ಅವರು ಸೇರಲಿರುವ ದಳದ ಲೋಹದ ಲಾಂಛನ ಇರುತ್ತದೆ: ಕಾಲಾಳು ಪಡೆಗೆ ಅಡ್ಡಡ್ಡ ಇಟ್ಟ ಎರಡು ಬಂದೂಕು, ಫಿರಂಗಿ ದಳಕ್ಕೆ ಎರಡು ತೋಪು, ಎಂಜಿನಿಯರ್ ದಳಕ್ಕೆ ಕೋಟೆ. ಅಲ್ಲಿ ಇಂಗ್ಲಿಷ್ ಓದಿದವರಿಗೆ ಟ್ಯಾಂಕ್ ದಳವೂ, ಮೆಕ್ಯಾನಿಕಲ್ ಓದಿದವರಿಗೆ ಕಾಲಾಳು ಪಡೆಯೂ ಬರುವುದುಂಟು. ಆ ದಳದ ಕೆಲಸವನ್ನು ಪದವಿಯ ನಂತರ ಅದರದೇ ತರಬೇತಿ ಶಾಲೆ ಕಲಿಸುತ್ತದೆ.

ದಳ ಹಂಚಿಕೆಯಲ್ಲಿ ಅರ್ಹತಾ ಕ್ರಮಾಂಕಕ್ಕೆ ಈಗಲೂ ಬೆಲೆ ಇದೆ. ಅದರಲ್ಲಿ ಓದು, ಸೈನಿಕ ಕೌಶಲ, ದೈಹಿಕ ಸಾಮರ್ಥ್ಯ ಮೂರೂ ಸೇರುತ್ತವೆ. ಓದಿನದ್ದೇ ದೊಡ್ಡ ಪಾಲು. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ದಳಗಳೂ ಕೆಡೆಟ್‌ಗಳನ್ನು ಸಂದರ್ಶಿಸಿ ತಮ್ಮ ಒಲವನ್ನು ತಿಳಿಸುವ ಪದ್ಧತಿ ಬಂದಿದೆ. ಅಲ್ಲಿ ವಿಷಯಕ್ಕೆ ಸ್ವಲ್ಪ ತೂಕ ಬರುತ್ತದೆ. ಸೈಬರ್ ದಳ ಕಂಪ್ಯೂಟರ್ ಬಲ್ಲವರನ್ನು ಹುಡುಕುತ್ತದೆ, ಎಂಜಿನಿಯರ್ ದಳಕ್ಕೆ ಎಂಜಿನಿಯರಿಂಗ್ ಓದಿದವರ ಮೇಲೆ ಕಣ್ಣಿರುತ್ತದೆ, ನೇರವಾಗಿ ವೈದ್ಯಕೀಯ ಕಾಲೇಜಿಗೆ ಹೋಗಬಯಸುವ ಸಣ್ಣ ಗುಂಪಿಗೆ ಜೀವವಿಜ್ಞಾನ, ರಸಾಯನಶಾಸ್ತ್ರದ ಗಟ್ಟಿ ತಳಹದಿ ಬೇಕು. ಉಳಿದ ಬಹುಪಾಲು ದಳಗಳಿಗೆ ಈ ಕಟ್ಟುಪಾಡಿಲ್ಲ.

ಹಾಗಾದರೆ ಸುಲಭದ ವಿಷಯ ತೆಗೆದುಕೊಂಡು ಹೆಚ್ಚು ಅಂಕ ಗಳಿಸಿ ಕ್ರಮಾಂಕದಲ್ಲಿ ಮೇಲೇರಬಾರದೇಕೆ? ಈ ಲೆಕ್ಕ ಹಾಕುವವರು ಇದ್ದೇ ಇದ್ದಾರೆ. ಅದು ಪೂರ್ತಿ ತಪ್ಪೂ ಅಲ್ಲ. ಅಂಕ ಬಾರದ ವಿಷಯಕ್ಕೆ ಪ್ರತಿಷ್ಠೆಗಾಗಿ ಅಂಟಿಕೊಂಡು ಕ್ರಮಾಂಕ ಕಳೆದುಕೊಂಡರೆ ಇಷ್ಟದ ದಳ ಕೈತಪ್ಪಬಹುದು. ಆದರೆ ಒಬ್ಬರಿಗೆ ಸುಲಭವಾದದ್ದು ಮತ್ತೊಬ್ಬರಿಗೆ ಕಬ್ಬಿಣದ ಕಡಲೆ. ವಾರಕ್ಕೆ ನೂರಾರು ಪುಟ ಓದಿ, ವಾದ ಕಟ್ಟಿ, ಪ್ರಬಂಧ ಬರೆಯುವ ಇತಿಹಾಸ ವಿಭಾಗ ಲೆಕ್ಕದಲ್ಲಿ ಮುಂದಿರುವ ಹುಡುಗನಿಗೆ ಸುಲಭವಾಗಿರುವುದಿಲ್ಲ.

ಸೇನೆಗೆ ಆ ಪ್ರಬಂಧ ಬರೆಯುವವರೂ ಬೇಕು. ಎರಿಕ್ ಶಿನ್ಸೆಕಿ 1965ರಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಂದು ವಿಯೆಟ್ನಾಂ ಯುದ್ಧದಲ್ಲಿ ನೆಲಬಾಂಬಿಗೆ ಸಿಕ್ಕಿ ಪಾದದ ಒಂದು ಭಾಗ ಕಳೆದುಕೊಂಡರು. ಸೇನೆ ಅವರನ್ನು ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಲು ಕಳಿಸಿತು. ನಂತರ ಅವರು ವೆಸ್ಟ್ ಪಾಯಿಂಟಿನಲ್ಲೇ ಇಂಗ್ಲಿಷ್ ಪಾಠ ಮಾಡಿದರು. ಅದೇ ಅಧ್ಯಾಪಕ 1999ರಲ್ಲಿ ಅಮೆರಿಕದ ಭೂಸೇನೆಯ ಮುಖ್ಯಸ್ಥರಾದರು.

ಅನಾಪೊಲಿಸ್‌ನ ಲೆಕ್ಕ ಬೇರೆ

ಇಷ್ಟು ಸಡಿಲತೆ ಎಲ್ಲ ಅಕಾಡೆಮಿಗಳಲ್ಲೂ ಇಲ್ಲ. ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ 1845ರಲ್ಲಿ ಶುರುವಾದ ನೌಕಾ ಅಕಾಡೆಮಿಯಲ್ಲಿ ಮೊದಲ ವರ್ಷ ಮುಗಿಯುವ ಹೊತ್ತಿಗೇ ವಿಷಯ ಆರಿಸಬೇಕು. ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರ ಇಲ್ಲೂ ಇವೆ. ಆದರೆ ನೌಕಾಪಡೆಗೆ ಸೇರುವ ಪದವೀಧರರಲ್ಲಿ ಕನಿಷ್ಠ 65 ಪ್ರತಿಶತ ಮಂದಿ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿಷಯಗಳವರಾಗಿರಬೇಕೆಂಬ ನಿಯಮವಿದೆ. ಕಾರಣ ಸ್ಪಷ್ಟ. ಪರಮಾಣು ರಿಯಾಕ್ಟರ್ ಹೊತ್ತ ಜಲಾಂತರ್ಗಾಮಿ ಸಮುದ್ರದಾಳದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿ ಏನಾದರೂ ಕೆಟ್ಟರೆ ಹೊರಗಿನಿಂದ ತಜ್ಞರನ್ನು ಕರೆಸಲು ಆಗುವುದಿಲ್ಲ. ಹಾಗಾಗಿ ಸಾಹಿತ್ಯ ಓದುವವರಿಗೂ ಇಲ್ಲಿ ಥರ್ಮೊಡೈನಮಿಕ್ಸ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಹಡಗಿನ ಸ್ಥಿರತೆಯ ಪಾಠಗಳು ಬಿಡುವುದಿಲ್ಲ.

ಭಾರತೀಯರಿಗೆಲ್ಲ ಪರಿಚಿತರಾದ ಸುನಿತಾ ವಿಲಿಯಮ್ಸ್ 1987ರಲ್ಲಿ ಪದವಿ ಪಡೆದದ್ದು ಇಲ್ಲೇ, ಭೌತಿಕ ವಿಜ್ಞಾನದಲ್ಲಿ. ಜೆಟ್ ವಿಮಾನ ಹಾರಿಸಬೇಕೆಂಬ ಆಸೆ ಈಡೇರದೆ ಹೆಲಿಕಾಪ್ಟರ್ ಸಿಕ್ಕಿತು. ಆ ಹೆಲಿಕಾಪ್ಟರೇ ಅವರನ್ನು ಟೆಸ್ಟ್ ಪೈಲಟ್ ಶಾಲೆಗೆ, ಅಲ್ಲಿಂದ 1998ರಲ್ಲಿ ನಾಸಾಗೆ ಕರೆದೊಯ್ದಿತು.

ಬ್ರಿಟನ್ನಿನ ದಾರಿ ಇನ್ನೂ ಬೇರೆ. ಸ್ಯಾಂಡ್‌ಹರ್ಸ್ಟ್‌ನ ಸೇನಾ ಅಕಾಡೆಮಿಯ ತರಬೇತಿ 44 ವಾರಗಳದ್ದು. ಈಗ ಅಲ್ಲಿಗೆ ಬರುವ ಬಹುಪಾಲು ಜನ ಮೊದಲೇ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿರುತ್ತಾರೆ. ಕೊಡಗಿನ ಕೆ.ಎಸ್. ತಿಮ್ಮಯ್ಯ 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಹೊರಬಂದಾಗ ಅಲ್ಲಿ ಪದವಿಯ ಮಾತೇ ಇರಲಿಲ್ಲ. ಅವರು 1957ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಖಡಕ್‌ವಾಸ್ಲಾದಲ್ಲಿ

ಭಾರತ ಈ ಎರಡು ದಾರಿಗಳಲ್ಲಿ ಅಮೆರಿಕದ ದಾರಿಗೆ ಹತ್ತಿರವಾದದ್ದನ್ನು ಆರಿಸಿಕೊಂಡಿತು: ಪಿಯುಸಿ ಮುಗಿಸಿದವರನ್ನು ತೆಗೆದುಕೊಂಡು ಓದನ್ನೂ ತರಬೇತಿಯನ್ನೂ ಒಟ್ಟಿಗೆ ಕೊಡುವುದು. ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) 1949ರ ಅಕ್ಟೋಬರ್‌ನಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1955ರ ಜನವರಿಯಲ್ಲಿ ಅದು ಉದ್ಘಾಟನೆಯಾಯಿತು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಹೋಗುವವರು ಇಲ್ಲಿ ಒಟ್ಟಿಗೆ ಮೂರು ವರ್ಷ ಕಲಿಯುತ್ತಾರೆ. 1970ರ ದಶಕದಿಂದ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಪದವಿ ನೀಡುತ್ತಿದೆ.

ಇಲ್ಲಿನ ಪಟ್ಟಿ ವೆಸ್ಟ್ ಪಾಯಿಂಟಿನಷ್ಟು ಉದ್ದವಲ್ಲ. ಭೂಸೇನೆಯ ಕೆಡೆಟ್‌ಗಳಿಗೆ ವಿಜ್ಞಾನ, ಕಂಪ್ಯೂಟರ್ ವಿಜ್ಞಾನ, ಕಲೆ ಎಂಬ ಮೂರು ವಿಭಾಗಗಳಿವೆ. ನೌಕಾಪಡೆ, ವಾಯುಪಡೆಗಳ ಕೆಡೆಟ್‌ಗಳಿಗೆ ಈಗ ಬಿ.ಟೆಕ್. ವ್ಯವಸ್ಥೆ ಬಂದಿದೆ. ಅದರ ಮೂರು ವರ್ಷ ಖಡಕ್‌ವಾಸ್ಲಾದಲ್ಲಿ, ನಾಲ್ಕನೆಯದು ಕೇರಳದ ಎಳಿಮಲದ ನೌಕಾ ಅಕಾಡೆಮಿಯಲ್ಲಿ ಅಥವಾ ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ. ಅರೇಬಿಕ್, ಚೀನೀ, ಫ್ರೆಂಚ್, ರಷ್ಯನ್‌ನಂಥ ವಿದೇಶಿ ಭಾಷೆಯ ಕಲಿಕೆಯೂ ಉಂಟು. ಬೆಳಗಿನ ಪಿ.ಟಿ., ಡ್ರಿಲ್ ಮುಗಿಸಿ, ಸಾಲಾಗಿ ಸೈಕಲ್ ತುಳಿಯುತ್ತ ತರಗತಿಗೆ ಹೋಗುವ ಕೆಡೆಟ್‌ಗಳ ದೃಶ್ಯ ಖಡಕ್‌ವಾಸ್ಲಾದ ಗುರುತು. ದಣಿದ ಮೈಯಲ್ಲಿ ನಿದ್ದೆ ತಡೆದು ಪಾಠ ಕೇಳುವುದೇ ಅಲ್ಲಿನ ಮೊದಲ ಕಲಿಕೆ.

ಓದಿದ ವಿಭಾಗ ದಳವನ್ನು ಕಟ್ಟಿಹಾಕದು ಎಂಬ ಮಾತು ಇಲ್ಲೂ ಬಹುಮಟ್ಟಿಗೆ ನಿಜ. ಭೂಸೇನೆಯವರು ಮುಂದೆ ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ ಕಳೆಯುತ್ತಾರೆ. ರೆಜಿಮೆಂಟ್ ಯಾವುದೆಂಬುದು ಅಲ್ಲಿ ಅರ್ಹತೆ, ಇಚ್ಛೆ, ಖಾಲಿ ಜಾಗ ನೋಡಿ ತೀರ್ಮಾನವಾಗುತ್ತದೆ. ಎಂಜಿನಿಯರ್ಸ್, ಸಿಗ್ನಲ್ಸ್, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳಗಳಿಗೆ ಹೋದವರನ್ನು ಸೇನೆಯೇ ಪುಣೆ, ಮಹೂ, ಸಿಕಂದರಾಬಾದ್‌ಗಳಲ್ಲಿರುವ ತನ್ನ ಕಾಲೇಜುಗಳಿಗೆ ಕಳಿಸಿ ಎಂಜಿನಿಯರಿಂಗ್ ಓದಿಸುತ್ತದೆ. ಖಡಕ್‌ವಾಸ್ಲಾದ ಪದವಿ ಅಲ್ಲಿಗೆ ಮುಗಿಯುವ ಓದಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಶುಭಾಂಶು ಶುಕ್ಲಾ. 2025ರ ಜೂನ್ 25ರಂದು ಆಕ್ಸಿಯಮ್-4 ಯಾನದಲ್ಲಿ ಹೊರಟು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮುಟ್ಟಿದ ಮೊದಲ ಭಾರತೀಯರಾದ ಅವರು 2005ರಲ್ಲಿ ಎನ್‌ಡಿಎಯಿಂದ ಪಡೆದದ್ದು ಕಂಪ್ಯೂಟರ್ ವಿಜ್ಞಾನದ ಪದವಿ. ವಾಯುಪಡೆ ಸೇರಿ ಯುದ್ಧವಿಮಾನ ಹಾರಿಸಿ, ಟೆಸ್ಟ್ ಪೈಲಟ್ ಆದರು. ಏರೋಸ್ಪೇಸ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಸುಪ್ರೀಂ ಕೋರ್ಟ್ 2021ರಲ್ಲಿ ನೀಡಿದ ಆದೇಶದ ನಂತರ ಎನ್‌ಡಿಎ ಬಾಗಿಲು ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಹಿಳಾ ಕೆಡೆಟ್‌ಗಳು 2025ರ ಮೇ 30ರಂದು ಪಥಸಂಚಲನ ಮಾಡಿ ಹೊರಬಂದರು.

ಪಿಯುಸಿಯಲ್ಲೇ ಶುರುವಾಗುವ ಆಯ್ಕೆ

ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ. ಕೊಡಗಿನ ಕೂಡಿಗೆಯಲ್ಲೂ ಸೈನಿಕ ಶಾಲೆಯಿದೆ, ಬೆಳಗಾವಿ ಮತ್ತು ಬೆಂಗಳೂರಿನಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಇಲ್ಲಿನ ಮಕ್ಕಳಿಗೆ ಈ ದಾರಿ ಹೇಳಿಕೊಡುವವರಿದ್ದಾರೆ. ಊರಿನ ಸಾಮಾನ್ಯ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೆ ಹೇಳುವವರು ಕಡಿಮೆ. ಅವರಿಗೆ ಗೊತ್ತಿರಬೇಕಾದ ಸಂಗತಿಗಳು ಕೆಲವಿವೆ.

ಅಕಾಡೆಮಿಯಲ್ಲಿ ಯಾವ ವಿಭಾಗ ಎಂಬುದಕ್ಕಿಂತ ಮೊದಲೇ, ಪಿಯುಸಿಯಲ್ಲಿ ತೆಗೆದುಕೊಂಡ ವಿಷಯ ಕೆಲವು ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ಎನ್‌ಡಿಎ ಮೂಲಕ ನೌಕಾಪಡೆ, ವಾಯುಪಡೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು. ಕಲೆ, ವಾಣಿಜ್ಯ ಓದಿದವರಿಗೆ ಭೂಸೇನೆಯ ವಿಭಾಗ ಮಾತ್ರ ತೆರೆದಿರುತ್ತದೆ. ಎಂಜಿನಿಯರಿಂಗ್ ಪದವಿಯೇ ಬೇಕೆನ್ನುವ ವಿಜ್ಞಾನ ವಿದ್ಯಾರ್ಥಿಗಳಿಗೆ, ಜೆಇಇ ಮುಖ್ಯ ಪರೀಕ್ಷೆಯ ಆಧಾರದ ಮೇಲೆ ಭೂಸೇನೆ ನಡೆಸುವ ತಾಂತ್ರಿಕ ಪ್ರವೇಶ ಯೋಜನೆ ಎಂಬ ಪ್ರತ್ಯೇಕ ದಾರಿಯೂ ಇದೆ.

ಕಲಾ ವಿಭಾಗದವರಿಗೂ ಗಣಿತ ತಪ್ಪಿದ್ದಲ್ಲ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ್ದು, 600 ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನದ್ದು. ಅದರಲ್ಲಿ ಗೆದ್ದವರು ಸೇವಾ ಆಯ್ಕೆ ಮಂಡಳಿಯ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನ ಎದುರಿಸಬೇಕು. ಅದಕ್ಕೂ 900 ಅಂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಕನ್ನಡ ಮಾಧ್ಯಮದ ಜಾಣ ಹುಡುಗ ಹುಡುಗಿಯರು ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಗಣಿತದ ಪದಗಳನ್ನು ಇಂಗ್ಲಿಷ್‌ನಲ್ಲಿ ಓದಿ ರೂಢಿಯಿಲ್ಲದ್ದರಿಂದ. ಒಂದು ವರ್ಷದ ಅಭ್ಯಾಸ ಇದನ್ನು ಸರಿಪಡಿಸುತ್ತದೆ.

ಆಯ್ಕೆಯಾಗಿ ಅಕಾಡೆಮಿ ಸೇರಿದವರಿಗೆ ವಿಭಾಗ ಆರಿಸುವಾಗ ಸೀನಿಯರ್‌ಗಳ ಸಲಹೆ ಧಾರಾಳವಾಗಿ ಸಿಗುತ್ತದೆ. ‘ಅದು ತಗೊಂಡರೆ ಪ್ರಮೋಷನ್ ಬೇಗ’, ‘ಇದು ತಗೊಂಡರೆ ನಿದ್ದೆಗೆ ಸಮಯ ಸಿಗುತ್ತೆ’ ಎಂಬಂಥ ಮಾತುಗಳೂ ಅದರಲ್ಲಿ ಸೇರಿರುತ್ತವೆ. ಅಧಿಕಾರಿಯ ವೃತ್ತಿ ಮೂವತ್ತು ಮೂವತ್ತೈದು ವರ್ಷಗಳಷ್ಟು ನಡೆಯಬಹುದು. ಆ ಅವಧಿಯಲ್ಲಿ ಸೇನೆಯೇ ಮತ್ತೆ ಮತ್ತೆ ಕೋರ್ಸುಗಳಿಗೆ, ಉನ್ನತ ವ್ಯಾಸಂಗಕ್ಕೆ ಕಳಿಸುತ್ತದೆ. ಪರಮಾಣು ಜಲಾಂತರ್ಗಾಮಿ, ಸೈಬರ್, ವೈದ್ಯಕೀಯದಂಥ ನಿರ್ದಿಷ್ಟ ಗುರಿ ಇರುವವರು ಅದಕ್ಕೆ ಬೇಕಾದ ವಿಷಯವನ್ನೇ ಹಿಡಿಯಬೇಕು. ಅಂಥ ಗುರಿ ಇಲ್ಲದವರು, ದಣಿದ ರಾತ್ರಿಯಲ್ಲೂ ಪುಸ್ತಕ ತೆರೆಯಬೇಕೆನ್ನಿಸುವ ವಿಷಯವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಸೇನೆಯ ಕನಸು ಕಾಣುತ್ತಿರುವ ಮಕ್ಕಳ ತಂದೆ ತಾಯಂದಿರಲ್ಲಿ ಒಂದು ವಿನಂತಿ: ಪಿಯುಸಿಗೆ ಯಾವ ವಿಭಾಗವನ್ನೇ ಆರಿಸಿಕೊಂಡರೂ, ಗಣಿತವನ್ನು ಮಾತ್ರ ಈಗಲೇ ಕೈಬಿಡಲು ಬಿಡಬೇಡಿ.